ಅರವತ್ತೈದು ತುಂಬುವ ಮುನ್ನ: ಮೆಡಿಕೇರ್ ನೋಂದಣಿ, ಬದಲಾವಣೆ ಮತ್ತು ಇತರ ವಿಮೆಗಳ ಹೊಂದಾಣಿಕೆ

ಪ್ರತಿ ವರ್ಷ ಅಕ್ಟೋಬರ್ 15ರಿಂದ ಡಿಸೆಂಬರ್ 7ರವರೆಗೆ ಅಮೆರಿಕದ ಟಿ.ವಿ. ವಾಹಿನಿಗಳೂ ಮನೆಮನೆಯ ಅಂಚೆಪೆಟ್ಟಿಗೆಗಳೂ ಮೆಡಿಕೇರ್ ಜಾಹೀರಾತುಗಳಿಂದ ತುಂಬಿಹೋಗುತ್ತವೆ. ಮೆಡಿಕೇರ್ ಎಂದರೆ ಮುಖ್ಯವಾಗಿ 65 ತುಂಬಿದವರಿಗಾಗಿ ಅಮೆರಿಕ ಸರ್ಕಾರ ನಡೆಸುವ ಆರೋಗ್ಯ ವಿಮೆ. ಹಲ್ಲಿನ ಚಿಕಿತ್ಸೆ, ಕನ್ನಡಕ, ಜಿಮ್ ಸದಸ್ಯತ್ವ, ಶೂನ್ಯ ಪ್ರೀಮಿಯಂ ಎಂಬ ಭರವಸೆಗಳ ನಡುವೆ ಯಾವ ಕಂಪನಿಯ ಯೋಜನೆ ಒಳ್ಳೆಯದು ಎಂದು ಹಿರಿಯರೂ ಅವರ ಮಕ್ಕಳೂ ವಾರಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಆದರೆ ಆ ಎಂಟು ವಾರಗಳಲ್ಲಿ ಕೈಗೊಳ್ಳುವ ಹೆಚ್ಚಿನ ತೀರ್ಮಾನಗಳನ್ನು ಮುಂದಿನ ವರ್ಷ ಬದಲಾಯಿಸಲು ಅವಕಾಶವಿದೆ. ಬದಲಾಯಿಸಲಾಗದ, ಇಲ್ಲವೇ ಜೀವನಪೂರ್ತಿ ದಂಡ ತೆತ್ತೇ ಸರಿಪಡಿಸಬೇಕಾದ ತೀರ್ಮಾನಗಳು ಬೇರೆಯೇ ಇವೆ. ವೈದ್ಯರ ಶುಲ್ಕ ಭರಿಸುವ ಪಾರ್ಟ್ ಬಿ ಎಂಬ ಭಾಗವನ್ನು ಯಾವ ತಿಂಗಳಲ್ಲಿ ಪಡೆಯಬೇಕು, ಈಗಿರುವ ವಿಮೆಯನ್ನು ಮೆಡಿಕೇರ್ ನಿಯಮಗಳು ಮಾನ್ಯ ಮಾಡುತ್ತವೆಯೇ, ಮೊದಲ ಆರು ತಿಂಗಳಲ್ಲಿ ಮೆಡಿಗ್ಯಾಪ್ ಎಂಬ ಪೂರಕ ವಿಮೆ ಕೊಳ್ಳಬೇಕೇ ಎಂಬ ಪ್ರಶ್ನೆಗಳು ಆ ಜಾತಿಯವು. ಇವನ್ನು ನೆನಪಿಸಲು ಯಾವ ಜಾಹೀರಾತೂ ಬರುವುದಿಲ್ಲ.

1990ರ ದಶಕದಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆಂದು ಹೋದ ಕನ್ನಡಿಗರ ತಲೆಮಾರು ಈಗ ಅರವತ್ತರ ಆಸುಪಾಸಿನಲ್ಲಿದೆ. ಅವರಲ್ಲಿ ಹಲವರು ತಂದೆ-ತಾಯಿಯನ್ನು ಗ್ರೀನ್ ಕಾರ್ಡ್ ಮೇಲೆ ಕರೆಸಿಕೊಂಡಿದ್ದಾರೆ. ಕೆಲವರು ನಿವೃತ್ತಿಯ ನಂತರ ಮೈಸೂರಿಗೋ ಬೆಂಗಳೂರಿಗೋ ಮರಳುವ ಯೋಚನೆಯಲ್ಲಿದ್ದಾರೆ. ಈ ಮೂರೂ ಗುಂಪಿಗೆ ನಿಯಮಗಳು ಬೇರೆ ಬೇರೆ. ನೆರೆಮನೆಯವರು ಅಥವಾ ಕನ್ನಡ ಕೂಟದ ಸ್ನೇಹಿತರು ತಮ್ಮ ಅನುಭವದಿಂದ ಕೊಡುವ ಸಲಹೆ ಅವರ ಮಟ್ಟಿಗೆ ಸರಿಯಾಗಿದ್ದರೂ ಕೇಳಿದವರಿಗೆ ಹೊಂದದೇ ಹೋಗಲು ಇದೇ ಕಾರಣ.

ಮೆಡಿಕೇರ್ ಕಾಯ್ದೆಗೆ ಅಧ್ಯಕ್ಷ ಲಿಂಡನ್ ಜಾನ್ಸನ್ 1965ರ ಜುಲೈ 30ರಂದು ಸಹಿ ಹಾಕಿದರು; ಮರುವರ್ಷದ ಜುಲೈನಿಂದ ಅದು ಜಾರಿಗೆ ಬಂತು. ಎ ಮತ್ತು ಬಿ ಎಂಬ ಆಗಿನ ಎರಡು ಭಾಗಗಳ ರಚನೆ ಇಂದಿಗೂ ಉಳಿದಿದೆ. ಪಾರ್ಟ್ ಎ ಆಸ್ಪತ್ರೆಯ ಒಳರೋಗಿ ಚಿಕಿತ್ಸೆಯನ್ನು ನೋಡಿಕೊಳ್ಳುತ್ತದೆ. ಪಾರ್ಟ್ ಬಿ ವೈದ್ಯರ ಶುಲ್ಕ, ಪರೀಕ್ಷೆಗಳು, ಹೊರರೋಗಿ ಸೇವೆಗಳ ವೆಚ್ಚವನ್ನು ಭರಿಸುತ್ತದೆ. ಇವೆರಡನ್ನೂ ಖಾಸಗಿ ಕಂಪನಿಯೊಂದರ ಮೂಲಕ ಒಟ್ಟಾಗಿ ಪಡೆಯುವ ವ್ಯವಸ್ಥೆಯೇ ಪಾರ್ಟ್ ಸಿ, ಅಂದರೆ ಮೆಡಿಕೇರ್ ಅಡ್ವಾಂಟೇಜ್. ಔಷಧಿಗಳಿಗಾಗಿ ಇರುವ ಪಾರ್ಟ್ ಡಿ 2006ರಲ್ಲಿ ಸೇರಿತು. ಸರ್ಕಾರದ ಮೂಲ ಮೆಡಿಕೇರ್ ಪಾರ್ಟ್ ಬಿ ವೆಚ್ಚದ ಸುಮಾರು ಶೇ. 80ನ್ನು ಮಾತ್ರ ಕೊಡುವುದರಿಂದ, ಉಳಿದ ಪಾಲನ್ನು ತುಂಬಿಕೊಡಲು ಖಾಸಗಿ ಕಂಪನಿಗಳು ಮಾರುವ ಪೂರಕ ವಿಮೆಯನ್ನು ಮೆಡಿಗ್ಯಾಪ್ ಎನ್ನುತ್ತಾರೆ.

ತಾವಾಗಿಯೇ ನೋಂದಾಯಿಸಿಕೊಳ್ಳಬೇಕಾದವರು

65 ತುಂಬಿದೊಡನೆ ಸರ್ಕಾರವೇ ಕಾರ್ಡ್ ಕಳುಹಿಸುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಅದು ಆಗಲೇ ಸೋಷಿಯಲ್ ಸೆಕ್ಯುರಿಟಿ ಪಿಂಚಣಿ ಪಡೆಯುತ್ತಿರುವವರ ಮಟ್ಟಿಗೆ ಮಾತ್ರ ನಿಜ. 1983ರ ತಿದ್ದುಪಡಿಯ ಫಲವಾಗಿ, 1960 ಅಥವಾ ಆಮೇಲೆ ಹುಟ್ಟಿದವರಿಗೆ ಪೂರ್ಣ ಪಿಂಚಣಿಯ ವಯಸ್ಸು 67. ಮೆಡಿಕೇರ್ ವಯಸ್ಸು ಮಾತ್ರ 65ರಲ್ಲೇ ನಿಂತಿದೆ. ಹಾಗಾಗಿ ಪಿಂಚಣಿಗೆ ಕಾಯುತ್ತಾ ದುಡಿಯುತ್ತಿರುವ ಬಹುತೇಕ ಜನರು 65ರಲ್ಲಿ ತಾವಾಗಿಯೇ ಅರ್ಜಿ ಹಾಕಬೇಕು, ಅಥವಾ ಹಾಕದಿರುವುದಕ್ಕೆ ಸರಿಯಾದ ಕಾರಣ ಇಟ್ಟುಕೊಂಡಿರಬೇಕು.

ಮೊದಲ ನೋಂದಣಿಗೆ ಇರುವ ಅವಧಿ ಏಳು ತಿಂಗಳು: 65 ತುಂಬುವ ತಿಂಗಳು, ಅದರ ಹಿಂದಿನ ಮೂರು, ಮುಂದಿನ ಮೂರು. ಹುಟ್ಟಿದ ದಿನ ತಿಂಗಳ 1ನೇ ತಾರೀಕಾಗಿದ್ದರೆ ಇಡೀ ಲೆಕ್ಕ ಒಂದು ತಿಂಗಳು ಹಿಂದಕ್ಕೆ ಸರಿಯುತ್ತದೆ. ಶಾಲೆಗೆ ಸೇರಿಸುವಾಗ ಬರೆಸಿದ ತಾರೀಕೇ ದಾಖಲೆಯ ತಾರೀಕಾಗಿ ಉಳಿದಿರುವ ನಮ್ಮ ಹಿರಿಯರು ಇಲ್ಲಿ ಪಾಸ್‌ಪೋರ್ಟಿನಲ್ಲಿರುವ ದಿನವನ್ನೇ ನೋಡಬೇಕು. ಈ ಅವಧಿ ತಪ್ಪಿದರೆ ಮುಂದಿನ ಅವಕಾಶ ಪ್ರತಿ ವರ್ಷ ಜನವರಿ 1ರಿಂದ ಮಾರ್ಚ್ 31ರವರೆಗಿನ ಸಾಮಾನ್ಯ ನೋಂದಣಿ. ಹಿಂದೆ ಹಾಗೆ ನೋಂದಾಯಿಸಿದವರಿಗೆ ಜುಲೈವರೆಗೆ ವಿಮೆ ಸಿಗುತ್ತಿರಲಿಲ್ಲ. 2023ರಿಂದ ನೋಂದಾಯಿಸಿದ ಮರುತಿಂಗಳಿನಿಂದಲೇ ಸಿಗುತ್ತಿದೆ.

ಪಾರ್ಟ್ ಬಿ ತಡವಾದ ಪ್ರತಿ ಪೂರ್ಣ ಹನ್ನೆರಡು ತಿಂಗಳಿಗೆ ಪ್ರೀಮಿಯಂ ಮೇಲೆ ಶೇ. 10ರಷ್ಟು ದಂಡ ಬೀಳುತ್ತದೆ. ಈ ದಂಡವನ್ನು ಪಾರ್ಟ್ ಬಿ ಇರುವಷ್ಟು ಕಾಲವೂ ಕಟ್ಟಬೇಕು. ಪ್ರೀಮಿಯಂ ಏರಿದಂತೆ ಅದೂ ಏರುತ್ತದೆ. 2026ರಲ್ಲಿ ಪಾರ್ಟ್ ಬಿ ಪ್ರೀಮಿಯಂ ತಿಂಗಳಿಗೆ 202.90 ಡಾಲರ್. ಮೂರು ವರ್ಷ ತಡ ಮಾಡಿದವರು ಇಂದಿನ ದರದಲ್ಲಿ ತಿಂಗಳಿಗೆ ಸುಮಾರು 61 ಡಾಲರ್ ಹೆಚ್ಚು ಕೊಡುತ್ತಾರೆ. ಪಾರ್ಟ್ ಡಿ ಅಥವಾ ಅದಕ್ಕೆ ಸಮನೆಂದು ಮಾನ್ಯವಾದ ಔಷಧಿ ವಿಮೆ ಇಲ್ಲದೆ ಸತತ 63 ದಿನ ಅಥವಾ ಹೆಚ್ಚು ಕಾಲ ಕಳೆದವರಿಗೆ, ತಪ್ಪಿದ ಪ್ರತಿ ತಿಂಗಳಿಗೆ ರಾಷ್ಟ್ರೀಯ ಮೂಲ ಪ್ರೀಮಿಯಂನ ಶೇ. 1ರಷ್ಟು ದಂಡವಿದೆ. ಆ ಮೂಲ ಪ್ರೀಮಿಯಂ 2026ರಲ್ಲಿ 38.99 ಡಾಲರ್. ಸದ್ಯ ಮಾತ್ರೆಗಳನ್ನೇ ತೆಗೆದುಕೊಳ್ಳದ ಆರೋಗ್ಯವಂತರು ಪಾರ್ಟ್ ಡಿ ಬೇಡವೆಂದುಕೊಂಡು ಮುಂದೆ ಎದುರಿಸುವುದು ಈ ದಂಡವನ್ನೇ.

ಕೆಲಸದಲ್ಲಿರುವಾಗಿನ ವಿಮೆ: ಇಡೀ ವ್ಯವಸ್ಥೆ ತಿರುಗುವ ಪ್ರಶ್ನೆ

ದಂಡವಿಲ್ಲದೆ ಪಾರ್ಟ್ ಬಿ ಮುಂದೂಡಲು ಹೆಚ್ಚಿನವರಿಗಿರುವ ದಾರಿ ಒಂದೇ. ತಮ್ಮ ಅಥವಾ ಸಂಗಾತಿಯ ಈಗಿನ ಉದ್ಯೋಗದ ಮೂಲಕ ಬರುವ ಗ್ರೂಪ್ ವಿಮೆ ಅವರಿಗಿರಬೇಕು. ಇಲ್ಲಿ ‘ಈಗಿನ’ ಎಂಬುದಕ್ಕೆ ಒತ್ತು ಕೊಟ್ಟಷ್ಟೂ ಕಡಿಮೆ. ನಿವೃತ್ತರಿಗೆ ಕಂಪನಿ ಮುಂದುವರಿಸಿಕೊಡುವ ವಿಮೆ ಲೆಕ್ಕಕ್ಕೆ ಬರುವುದಿಲ್ಲ. ಕೆಲಸ ಹೋದ ಮೇಲೆ ಪೂರ್ತಿ ಹಣ ತೆತ್ತು ಮುಂದುವರಿಸುವ ಕೋಬ್ರಾ ವಿಮೆಯೂ ಬರುವುದಿಲ್ಲ. ಸರ್ಕಾರದ ವಿಮಾ ಮಾರುಕಟ್ಟೆಯಲ್ಲಿ ತಾನೇ ಕೊಂಡ ಮಾರ್ಕೆಟ್‌ಪ್ಲೇಸ್ ವಿಮೆಯಾಗಲಿ, ಭಾರತದ ಕಂಪನಿಯ ಪಾಲಿಸಿಯಾಗಲಿ ಬರುವುದಿಲ್ಲ.

ಸಾಫ್ಟ್‌ವೇರ್ ವಲಯದಲ್ಲಿ ಉದ್ಯೋಗ ಕಡಿತ ನಡೆಯುತ್ತಿರುವ ಈ ದಿನಗಳಲ್ಲಿ ಕೋಬ್ರಾದ ವಿಚಾರವನ್ನು ಸ್ವಲ್ಪ ಬಿಡಿಸಿ ಹೇಳಬೇಕು. 66ನೇ ವಯಸ್ಸಿನಲ್ಲಿ ಕೆಲಸ ಕಳೆದುಕೊಂಡ ಒಬ್ಬರನ್ನು ಊಹಿಸಿಕೊಳ್ಳಿ. ಕಂಪನಿಯವರು ಹದಿನೆಂಟು ತಿಂಗಳ ಕೋಬ್ರಾ ಅವಕಾಶವಿದೆ ಎಂದು ಕಾಗದ ಕೊಡುತ್ತಾರೆ. ಕಾರ್ಡ್ ಅದೇ, ವೈದ್ಯರು ಅವರೇ, ಏನೂ ಬದಲಾಗಿಲ್ಲ ಎಂಬ ನೆಮ್ಮದಿಯಲ್ಲಿ ಅವರು ಮೆಡಿಕೇರ್ ವಿಚಾರವನ್ನು ಬದಿಗಿಡುತ್ತಾರೆ. ಆದರೆ ಕೆಲಸ ಅಥವಾ ಅದರ ವಿಮೆ, ಯಾವುದು ಮೊದಲು ಮುಗಿಯುತ್ತದೆಯೋ ಅಲ್ಲಿಂದ ಎಂಟು ತಿಂಗಳ ವಿಶೇಷ ನೋಂದಣಿ ಅವಧಿ ಓಡತೊಡಗಿರುತ್ತದೆ, ಕೋಬ್ರಾ ಅದನ್ನು ನಿಲ್ಲಿಸುವುದಿಲ್ಲ. ಕೋಬ್ರಾ ಮುಗಿದು ಅವರು ಮೆಡಿಕೇರ್ ನೋಂದಣಿಗಾಗಿ ಸೋಷಿಯಲ್ ಸೆಕ್ಯುರಿಟಿ ಕಚೇರಿಗೆ ಹೋಗುವ ವೇಳೆಗೆ ಅವಧಿ ಮುಗಿದು ಹತ್ತು ತಿಂಗಳಾಗಿರುತ್ತದೆ. ಮುಂದಿನ ಜನವರಿಯವರೆಗೆ ಪಾರ್ಟ್ ಬಿ ಇಲ್ಲ. ಸಿಕ್ಕ ಮೇಲೆ ಜೀವನಪೂರ್ತಿ ದಂಡ. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಮೆಡಿಕೇರ್‌ಗೆ ಅರ್ಹರಾದವರ ಮಟ್ಟಿಗೆ ಕೋಬ್ರಾ ಎರಡನೆಯ ಪಾವತಿದಾರ. ಮೊದಲ ಪಾಲನ್ನು ಮೆಡಿಕೇರ್ ಕೊಡಬೇಕಿತ್ತೆಂದು ಹೇಳಿ ಕೋಬ್ರಾ ಯೋಜನೆ ಬಿಲ್ಲಿನ ದೊಡ್ಡ ಭಾಗವನ್ನು ರೋಗಿಯ ಮೇಲೇ ಬಿಡಬಹುದು. 65 ದಾಟಿದವರು ಕೆಲಸ ಬಿಡುವ ದಿನವೇ ಪಾರ್ಟ್ ಬಿ ಶುರುವಾಗುವಂತೆ ಮೊದಲೇ ಅರ್ಜಿ ಹಾಕುವುದು, ಕೋಬ್ರಾವನ್ನು 65 ತುಂಬದ ಸಂಗಾತಿಗೆ ಮಾತ್ರ ಇಟ್ಟುಕೊಳ್ಳುವುದು ಸಾಮಾನ್ಯವಾಗಿ ಸುರಕ್ಷಿತ ದಾರಿ. ಔಷಧಿಯ ಪಾರ್ಟ್ ಡಿಗೆ ಇಂಥ ಎಂಟು ತಿಂಗಳ ಅವಕಾಶವಿಲ್ಲ, ಅಲ್ಲಿ ಇರುವುದು ಎರಡೇ ತಿಂಗಳು ಎಂಬುದನ್ನೂ ಮರೆಯಬಾರದು.

ಯಾರು ಮೊದಲು ಪಾವತಿಸಬೇಕು ಎಂಬ ನಿಯಮದ ಮೂಲವೂ ಇದೇ ಪ್ರಶ್ನೆಯಲ್ಲಿದೆ. 1980ರ ದಶಕದ ಆರಂಭದವರೆಗೆ ದುಡಿಯುವ ಹಿರಿಯರಿಗೂ ಮೆಡಿಕೇರ್ ಮೊದಲು ಪಾವತಿಸುತ್ತಿತ್ತು. ಖರ್ಚು ತಗ್ಗಿಸಲು ಸಂಸತ್ತು ಆ ಭಾರವನ್ನು ದೊಡ್ಡ ಉದ್ಯೋಗದಾತರ ಮೇಲೆ ಸರಿಸಿತು. ಅಂದಿನಿಂದ 20 ಅಥವಾ ಹೆಚ್ಚು ಉದ್ಯೋಗಿಗಳಿರುವ ಕಂಪನಿಯಲ್ಲಿ 65 ದಾಟಿದ ಉದ್ಯೋಗಿಗೂ ಸಂಗಾತಿಗೂ ಗ್ರೂಪ್ ವಿಮೆ ಮೊದಲು, ಮೆಡಿಕೇರ್ ನಂತರ. 20ಕ್ಕಿಂತ ಕಡಿಮೆ ಉದ್ಯೋಗಿಗಳಿದ್ದರೆ ಮೆಡಿಕೇರ್ ಮೊದಲು. ಅಂಗವೈಕಲ್ಯದ ಕಾರಣಕ್ಕೆ 65ಕ್ಕೆ ಮುಂಚೆಯೇ ಮೆಡಿಕೇರ್ ಪಡೆದವರಿಗೆ ಈ ಗಡಿ 100 ಉದ್ಯೋಗಿಗಳು. ಮೂತ್ರಪಿಂಡ ವಿಫಲವಾಗಿ ಮೆಡಿಕೇರ್‌ಗೆ ಅರ್ಹರಾದವರಿಗೆ ಕಂಪನಿಯ ಗಾತ್ರ ಎಷ್ಟೇ ಇರಲಿ, ಮೊದಲ 30 ತಿಂಗಳು ಗ್ರೂಪ್ ವಿಮೆಯೇ ಮುಂದೆ ನಿಲ್ಲುತ್ತದೆ. ಕಾರು ಅಪಘಾತ ಮತ್ತು ಕೆಲಸದ ಜಾಗದ ಗಾಯಗಳಲ್ಲಿ ಆಯಾ ವಿಮೆ ಮೊದಲು. ಬಡವರ ಮೆಡಿಕೇಯ್ಡ್ ಎಲ್ಲರ ನಂತರ.

ಸಣ್ಣ ಕಂಪನಿಗಳ ನಿಯಮ ನಮ್ಮವರಲ್ಲಿ ಹಲವರಿಗೆ ನೇರವಾಗಿ ಅನ್ವಯಿಸುತ್ತದೆ. ಸಣ್ಣ ಕನ್ಸಲ್ಟಿಂಗ್ ಸಂಸ್ಥೆ, ವೈದ್ಯರ ಕ್ಲಿನಿಕ್, ಹೋಟೆಲು, ಅಂಗಡಿ ನಡೆಸುವವರೂ ಅಲ್ಲಿ ದುಡಿಯುವವರೂ ಈ ಗುಂಪಿನವರು. ಹನ್ನೆರಡು ಜನರ ಕಂಪನಿಯಲ್ಲಿ ಗ್ರೂಪ್ ವಿಮೆ ಇದೆ ಎಂದು ಪಾರ್ಟ್ ಬಿ ಬಿಟ್ಟವರಿಗೆ ನೋಂದಣಿಯಲ್ಲಿ ದಂಡ ಬೀಳದಿರಬಹುದು, ಏಕೆಂದರೆ ಅದೂ ಈಗಿನ ಉದ್ಯೋಗದ ವಿಮೆಯೇ. ಆದರೆ ಪಾವತಿಯ ನಿಯಮ ಬೇರೆ. ಮೆಡಿಕೇರ್ ಮೊದಲು ಕೊಡಬೇಕಾದ ಪಾಲನ್ನು ಕಳೆದು ಉಳಿದುದನ್ನಷ್ಟೇ ಕೊಡುತ್ತೇವೆ ಎಂದು ಗ್ರೂಪ್ ವಿಮೆ ಹೇಳಿದಾಗ, ಇಲ್ಲದ ಮೆಡಿಕೇರ್‌ನ ಪಾಲು ರೋಗಿಯ ಜೇಬಿನಿಂದ ಹೋಗುತ್ತದೆ. ನೋಂದಣಿಯ ನಿಯಮ ಮತ್ತು ಪಾವತಿಯ ನಿಯಮ ಒಂದೇ ಎಂದುಕೊಳ್ಳುವುದರಿಂದಲೇ ಈ ಹಾನಿ ಆಗುತ್ತದೆ. ಕಂಪನಿಯ ಮಾನವ ಸಂಪನ್ಮೂಲ ವಿಭಾಗದವರನ್ನು ‘ನಮ್ಮ ವಿಮೆ ಮೆಡಿಕೇರ್‌ಗೆ ಮೊದಲೋ ನಂತರವೋ’ ಎಂದು ಕೇಳಿ ಉತ್ತರವನ್ನು ಬರಹದಲ್ಲಿ ಪಡೆಯಬೇಕು.

ದೊಡ್ಡ ಕಂಪನಿಯಲ್ಲಿರುವವರು ಪಾರ್ಟ್ ಎ ಹೇಗೂ ಉಚಿತವಲ್ಲವೇ ಎಂದು ಪಡೆದುಕೊಳ್ಳುವುದು ವಾಡಿಕೆ. ಆದರೆ ತೆರಿಗೆ ವಿನಾಯಿತಿಯ ಆರೋಗ್ಯ ಉಳಿತಾಯ ಖಾತೆಗೆ ಹಣ ಹಾಕುತ್ತಿರುವವರಿಗೆ ಅದು ತೊಡಕು ತರುತ್ತದೆ. ಮೆಡಿಕೇರ್‌ನ ಯಾವ ಭಾಗ ಶುರುವಾದರೂ ಆ ಖಾತೆಗೆ ಹೊಸದಾಗಿ ಹಣ ಹಾಕುವಂತಿಲ್ಲ. 65 ದಾಟಿ ತಡವಾಗಿ ಅರ್ಜಿ ಹಾಕಿದರೆ, ಅಥವಾ ಸೋಷಿಯಲ್ ಸೆಕ್ಯುರಿಟಿ ಪಿಂಚಣಿ ಶುರುಮಾಡಿದರೆ, ಪಾರ್ಟ್ ಎ ಆರು ತಿಂಗಳವರೆಗೆ ಹಿಂದಿನ ದಿನಾಂಕದಿಂದ ಜಾರಿಯಾಗುತ್ತದೆ. ಆ ಆರು ತಿಂಗಳಲ್ಲಿ ಹಾಕಿದ ಹಣಕ್ಕೆ ತೆರಿಗೆಯ ಜೊತೆ ಶೇ. 6ರ ಹೆಚ್ಚುವರಿ ಸುಂಕ ಬರಬಹುದು. ಅರ್ಜಿಗೆ ಆರು ತಿಂಗಳು ಮುಂಚೆಯೇ ಖಾತೆಗೆ ಹಣ ಹಾಕುವುದನ್ನು ನಿಲ್ಲಿಸುವುದು ಒಳ್ಳೆಯದು.

ಆದಾಯದ ಲೆಕ್ಕವನ್ನೂ ಇಲ್ಲೇ ಹೇಳಬೇಕು. ಪಾರ್ಟ್ ಬಿ ಮತ್ತು ಡಿ ಪ್ರೀಮಿಯಂಗಳು ಎರಡು ವರ್ಷ ಹಿಂದಿನ ತೆರಿಗೆ ವಿವರದಲ್ಲಿರುವ ಆದಾಯಕ್ಕೆ ತಕ್ಕಂತೆ ಏರುತ್ತವೆ. 2026ರಲ್ಲಿ ಒಬ್ಬರಿಗೆ 1,09,000 ಡಾಲರ್, ದಂಪತಿಗೆ 2,18,000 ಡಾಲರ್ ದಾಟಿದರೆ ಪಾರ್ಟ್ ಬಿ ಪ್ರೀಮಿಯಂ ಮೊದಲ ಮೆಟ್ಟಿಲಿನಲ್ಲೇ 284.10 ಡಾಲರ್ ಆಗುತ್ತದೆ. ನಿವೃತ್ತಿಯಿಂದ ಆದಾಯ ಇಳಿದಿದ್ದರೆ ಎಸ್‌ಎಸ್‌ಎ-44 ಎಂಬ ಅರ್ಜಿ ಕೊಟ್ಟು ಹೊಸ ಆದಾಯವನ್ನು ಪರಿಗಣಿಸುವಂತೆ ಕೋರಬಹುದು. ಆಸ್ತಿ ಮಾರಿ ಬಂದ ಲಾಭಕ್ಕೆ ಮಾತ್ರ ಈ ರಿಯಾಯಿತಿ ಇಲ್ಲ. ಅಮೆರಿಕದ ತೆರಿಗೆ ನಿವಾಸಿಗಳು ಜಗತ್ತಿನ ಎಲ್ಲ ಕಡೆಯ ಆದಾಯವನ್ನೂ ತೋರಿಸಬೇಕಾದ್ದರಿಂದ, ಬೆಂಗಳೂರಿನ ಸೈಟು ಮಾರಿದ ಲಾಭ ಎರಡು ವರ್ಷಗಳ ನಂತರ ಮೆಡಿಕೇರ್ ಬಿಲ್ಲಿನಲ್ಲಿ ಕಾಣಿಸಿಕೊಳ್ಳುತ್ತದೆ. ಆ ಹೆಚ್ಚಳ ಒಂದೇ ವರ್ಷದ್ದೆಂಬುದು ಸಮಾಧಾನ.

ಗ್ರೀನ್ ಕಾರ್ಡ್ ಮೇಲೆ ಬಂದ ತಂದೆ-ತಾಯಿ

ಪಾರ್ಟ್ ಎ ಉಚಿತವಾಗಿ ಸಿಗಲು ತಾನಾಗಲಿ ಸಂಗಾತಿಯಾಗಲಿ 40 ತ್ರೈಮಾಸಿಕ, ಅಂದರೆ ಸುಮಾರು ಹತ್ತು ವರ್ಷ, ಅಮೆರಿಕದಲ್ಲಿ ತೆರಿಗೆ ಕಟ್ಟಿ ದುಡಿದಿರಬೇಕು. ಮಗ ಅಥವಾ ಮಗಳು ಮೂವತ್ತು ವರ್ಷ ಕಟ್ಟಿದ ಮೆಡಿಕೇರ್ ತೆರಿಗೆಯ ಆಧಾರದ ಮೇಲೆ ಅವರೊಡನೆ ಬಂದು ನೆಲೆಸಿದ ತಂದೆ-ತಾಯಿಗೆ ಅದು ದಕ್ಕುವುದಿಲ್ಲ. ಭಾರತ ಮತ್ತು ಅಮೆರಿಕದ ನಡುವೆ ಸಾಮಾಜಿಕ ಭದ್ರತಾ ಒಪ್ಪಂದ ಇಲ್ಲದಿರುವುದರಿಂದ ಕರ್ನಾಟಕದಲ್ಲಿ ಮಾಡಿದ ದುಡಿಮೆಯೂ ಲೆಕ್ಕಕ್ಕಿಲ್ಲ.

ಆದರೂ 65 ದಾಟಿದ ಗ್ರೀನ್ ಕಾರ್ಡ್‌ದಾರರು ಅಮೆರಿಕದಲ್ಲಿ ಸತತ ಐದು ವರ್ಷ ವಾಸವಾಗಿದ್ದರೆ ಹಣ ಕೊಟ್ಟು ಮೆಡಿಕೇರ್ ಸೇರಬಹುದು. 2026ರಲ್ಲಿ ಪಾರ್ಟ್ ಎಗೆ ತಿಂಗಳಿಗೆ 565 ಡಾಲರ್, 30ರಿಂದ 39 ತ್ರೈಮಾಸಿಕ ದುಡಿದವರಿಗೆ 311 ಡಾಲರ್. ಪಾರ್ಟ್ ಬಿ ಸೇರಿಸಿದರೆ ಒಬ್ಬರಿಗೆ 767.90 ಡಾಲರ್, ಇಬ್ಬರಿಗೆ 1,535 ಡಾಲರ್ ದಾಟುತ್ತದೆ. ಪಾರ್ಟ್ ಬಿ ಒಂದನ್ನೇ ಕೊಳ್ಳಲು ಅಡ್ಡಿಯಿಲ್ಲ. ಆದರೆ ಆಸ್ಪತ್ರೆ ವಾಸದ ಖರ್ಚು ಹೊರಗುಳಿಯುತ್ತದೆ, ಮೆಡಿಗ್ಯಾಪ್ ಮತ್ತು ಮೆಡಿಕೇರ್ ಅಡ್ವಾಂಟೇಜ್ ಎರಡಕ್ಕೂ ಎ ಮತ್ತು ಬಿ ಬೇಕು. ಇವರ ಏಳು ತಿಂಗಳ ಅವಧಿ ಹುಟ್ಟುಹಬ್ಬದ ಸುತ್ತ ಇರುವುದಿಲ್ಲ, ಐದು ವರ್ಷ ತುಂಬುವ ತಿಂಗಳ ಸುತ್ತ ಇರುತ್ತದೆ. ಗ್ರೀನ್ ಕಾರ್ಡ್ ಮೇಲಿರುವ ನಿವಾಸ ಆರಂಭದ ದಿನಾಂಕಕ್ಕೆ ಐದು ವರ್ಷ ಕೂಡಿಸಿ, ಅದಕ್ಕೆ ಮೂರು ತಿಂಗಳು ಹಿಂದಿನ ದಿನವನ್ನು ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಬೇಕು. ನಡುವೆ ಊರಿನಲ್ಲಿ ದೀರ್ಘಕಾಲ ಉಳಿದರೆ ನಿರಂತರ ವಾಸದ ಲೆಕ್ಕವೇ ಪ್ರಶ್ನೆಗೆ ಒಳಗಾಗಬಹುದು.

ಆ ಐದು ವರ್ಷಗಳ ಅಂತರದಲ್ಲಿ ಮಾರ್ಕೆಟ್‌ಪ್ಲೇಸ್ ವಿಮೆಯೇ ಮುಖ್ಯ ಆಸರೆ. ಅಲ್ಲಿಯೂ ನೆಲ ಕುಸಿದಿದೆ. ಬಡತನ ರೇಖೆಗಿಂತ ಕಡಿಮೆ ಆದಾಯವಿದ್ದು, ವಲಸೆ ನಿಯಮದಿಂದಾಗಿ ಮೆಡಿಕೇಯ್ಡ್ ಸಿಗದ ಕಾನೂನುಬದ್ಧ ವಲಸಿಗರಿಗೆ ದೊರೆಯುತ್ತಿದ್ದ ಪ್ರೀಮಿಯಂ ಸಹಾಯಧನವನ್ನು 2026ರ ಜನವರಿಯಿಂದ ತೆಗೆಯಲಾಗಿದೆ. ಹೆಚ್ಚುವರಿ ಸಹಾಯಧನವೂ 2025ರ ಕೊನೆಗೆ ಮುಗಿದಿದೆ. ಉಚಿತ ಪಾರ್ಟ್ ಎಗೆ ಅರ್ಹರಲ್ಲದವರು ಐದು ವರ್ಷದ ನಂತರವೂ ಮೆಡಿಕೇರ್ ಸೇರದೆ ಮಾರ್ಕೆಟ್‌ಪ್ಲೇಸ್‌ನಲ್ಲಿ ಉಳಿಯಬಹುದು ಎಂಬುದು ನಿಜ, ಆದರೆ ಮುಂದೆಂದಾದರೂ ಮೆಡಿಕೇರ್‌ಗೆ ಬಂದಾಗ ತಡದ ದಂಡ ಅವರಿಗಾಗಿ ಕಾದಿರುತ್ತದೆ.

2025ರ ಜುಲೈ 4ರಂದು ಜಾರಿಗೆ ಬಂದ ಕಾಯ್ದೆ ಇನ್ನೊಂದು ಗುಂಪನ್ನು ಪೂರ್ತಿಯಾಗಿ ಹೊರಗಿಟ್ಟಿತು. ಮೆಡಿಕೇರ್ ಅರ್ಹತೆಯನ್ನು ಅದು ನಾಗರಿಕರು, ಗ್ರೀನ್ ಕಾರ್ಡ್‌ದಾರರು ಮತ್ತು ಇನ್ನೆರಡು ಸಣ್ಣ ವರ್ಗಗಳಿಗೆ ಸೀಮಿತಗೊಳಿಸಿದೆ. ಅಂದರೆ ಎಚ್-1ಬಿ ವೀಸಾದ ಮೇಲೆ ಇಪ್ಪತ್ತು ವರ್ಷ ದುಡಿದು, ಪ್ರತಿ ಸಂಬಳದಿಂದ ಶೇ. 1.45ರಷ್ಟು ಮೆಡಿಕೇರ್ ತೆರಿಗೆ ಕಟ್ಟಿ, 40 ತ್ರೈಮಾಸಿಕ ಪೂರೈಸಿದ್ದರೂ 65ರ ಹೊತ್ತಿಗೆ ಗ್ರೀನ್ ಕಾರ್ಡ್ ಕೈಗೆ ಬಂದಿರದಿದ್ದರೆ ಮೆಡಿಕೇರ್ ಇಲ್ಲ. ದೇಶವಾರು ಶೇ. 7ರ ಮಿತಿಯಿಂದಾಗಿ ಉದ್ಯೋಗ ಆಧಾರಿತ ಗ್ರೀನ್ ಕಾರ್ಡಿಗೆ ದಶಕಗಟ್ಟಲೆ ಸರದಿಯಲ್ಲಿ ನಿಂತಿರುವವರು ಹೆಚ್ಚಾಗಿ ಭಾರತೀಯರೇ. ತೆರಿಗೆ ತೆಗೆದುಕೊಂಡು ಸೌಲಭ್ಯ ನಿರಾಕರಿಸುವ ಈ ಬದಲಾವಣೆ ಅನ್ಯಾಯದ್ದೆಂದು ಹೇಳಲು ಹಿಂಜರಿಯಬೇಕಾಗಿಲ್ಲ. ಆಗಲೇ ಮೆಡಿಕೇರ್ ಪಡೆಯುತ್ತಿದ್ದ ಇಂಥವರಿಗೂ ಕಾಯ್ದೆಯ ನಂತರ ಹದಿನೆಂಟು ತಿಂಗಳ ಕಾಲಾವಕಾಶವಷ್ಟೇ ಇದೆ. ಅದು 2027ರ ಜನವರಿ ಆರಂಭಕ್ಕೆ ಮುಗಿಯುತ್ತದೆ.

ಅಡ್ವಾಂಟೇಜ್, ಮೆಡಿಗ್ಯಾಪ್ ಮತ್ತು ಬದಲಾವಣೆಯ ಮಿತಿ

ಇಂದು ಅರ್ಹರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಮೆಡಿಕೇರ್ ಅಡ್ವಾಂಟೇಜ್‌ನಲ್ಲಿದ್ದಾರೆ. ಪಾರ್ಟ್ ಬಿ ಪ್ರೀಮಿಯಂ ಬಿಟ್ಟರೆ ಹೆಚ್ಚುವರಿ ಪ್ರೀಮಿಯಂ ಇಲ್ಲದ ಯೋಜನೆಗಳು ಅಲ್ಲಿ ಹೇರಳ. ವರ್ಷಕ್ಕೆ ಕೈಯಿಂದ ಕೊಡಬೇಕಾದ ಹಣಕ್ಕೆ ಮಿತಿ ಇದೆ. ನೆಟ್‌ವರ್ಕ್ (ಕಂಪನಿಯೊಡನೆ ಒಪ್ಪಂದವಿರುವ ವೈದ್ಯರು, ಆಸ್ಪತ್ರೆಗಳು) ಒಳಗಿನ ಚಿಕಿತ್ಸೆಗೆ 2026ರಲ್ಲಿ ಆ ಮಿತಿ 9,250 ಡಾಲರ್ ದಾಟುವಂತಿಲ್ಲ. ಮೂಲ ಮೆಡಿಕೇರ್‌ನಲ್ಲಿ ಇಂಥ ಮಿತಿಯೇ ಇಲ್ಲದಿರುವುದರಿಂದ ಇದು ಸಣ್ಣ ಅನುಕೂಲವಲ್ಲ. ಪ್ರತಿಯಾಗಿ ಬಿಟ್ಟುಕೊಡಬೇಕಾದದ್ದು ವೈದ್ಯರ ಆಯ್ಕೆಯ ಸ್ವಾತಂತ್ರ್ಯವನ್ನು. ಕಂಪನಿಯ ನೆಟ್‌ವರ್ಕ್‌ಗೆ ಬದ್ಧರಾಗಿರಬೇಕು. ಹಲವು ಚಿಕಿತ್ಸೆಗಳಿಗೆ ಪೂರ್ವಾನುಮತಿ ಬೇಕು.

ಮೂಲ ಮೆಡಿಕೇರ್ ಜೊತೆ ಮೆಡಿಗ್ಯಾಪ್ ಇಟ್ಟುಕೊಂಡವರು ಪ್ರತಿ ತಿಂಗಳು ಹೆಚ್ಚು ಕೊಡುತ್ತಾರೆ, ಆದರೆ ಮೆಡಿಕೇರ್ ಒಪ್ಪುವ ದೇಶದ ಯಾವುದೇ ವೈದ್ಯರಲ್ಲಿಗೆ ಹೋಗಬಹುದು. ಹೊಸಬರಲ್ಲಿ ಜನಪ್ರಿಯವಾದ ಪ್ಲಾನ್ ಜಿ ಕೊಂಡವರು ಮೆಡಿಕೇರ್ ಒಪ್ಪಿದ ಸೇವೆಗಳಿಗೆ ಸಾಮಾನ್ಯವಾಗಿ ಪಾರ್ಟ್ ಬಿ ವಾರ್ಷಿಕ ಡಿಡಕ್ಟಿಬಲ್ (ವಿಮೆ ಕೊಡಲು ಶುರುಮಾಡುವ ಮುನ್ನ ನಾವೇ ಭರಿಸಬೇಕಾದ ಮೊತ್ತ) ಒಂದನ್ನೇ ಕೈಯಿಂದ ಕೊಡುತ್ತಾರೆ. 2026ರಲ್ಲಿ ಅದು 283 ಡಾಲರ್.

65 ದಾಟಿ ಪಾರ್ಟ್ ಬಿ ಶುರುವಾದ ದಿನದಿಂದ ಆರು ತಿಂಗಳು ಮಾತ್ರ ಯಾವ ಕಂಪನಿಯೂ ಆರೋಗ್ಯದ ಪ್ರಶ್ನೆ ಕೇಳದೆ ಮೆಡಿಗ್ಯಾಪ್ ಮಾರಲೇಬೇಕು. ಆ ಆರು ತಿಂಗಳು ಕಳೆದರೆ ಹೆಚ್ಚಿನ ರಾಜ್ಯಗಳಲ್ಲಿ ಕಂಪನಿ ರೋಗದ ಇತಿಹಾಸ ನೋಡಿ ನಿರಾಕರಿಸಬಹುದು ಅಥವಾ ದರ ಏರಿಸಬಹುದು. ನ್ಯೂಯಾರ್ಕ್, ಕನೆಕ್ಟಿಕಟ್, ಮ್ಯಾಸಚೂಸೆಟ್ಸ್ ಮತ್ತು ಮೇನ್ ರಾಜ್ಯಗಳು ಮಾತ್ರ ಆಮೇಲೂ ವಿಶಾಲ ರಕ್ಷಣೆ ಕೊಡುತ್ತವೆ. ಸಕ್ಕರೆ ಕಾಯಿಲೆ, ಹೃದಯದ ತೊಂದರೆ ನಮ್ಮ ಕುಟುಂಬಗಳಲ್ಲಿ ಅಪರೂಪವಲ್ಲದಿರುವುದರಿಂದ ಈ ನಿಯಮ ನಮಗೆ ಹೆಚ್ಚು ಮುಖ್ಯ. ಆರೋಗ್ಯವಾಗಿದ್ದಾಗ ಅಡ್ವಾಂಟೇಜ್‌ನಲ್ಲಿದ್ದು, ಕಾಯಿಲೆ ಬಿದ್ದಾಗ ಮೂಲ ಮೆಡಿಕೇರ್‌ಗೆ ಮರಳುತ್ತೇನೆ ಎಂಬ ಯೋಚನೆ ಅರ್ಧ ಮಾತ್ರ ಸರಿ. ಮೂಲ ಮೆಡಿಕೇರ್‌ಗೆ ಮರಳಬಹುದು. ಆದರೆ ಮೆಡಿಗ್ಯಾಪ್ ಸಿಗದೆ ಹೋದರೆ ಶೇ. 20ರ ಪಾಲು ಮಿತಿಯಿಲ್ಲದೆ ತಲೆಯ ಮೇಲೆ ಕೂರುತ್ತದೆ. ಒಂದು ಮುಖ್ಯ ವಿನಾಯಿತಿ ಇದೆ: 65ರಲ್ಲಿ ಮೊದಲ ಬಾರಿಗೇ ಅಡ್ವಾಂಟೇಜ್ ಸೇರಿದವರು ಹನ್ನೆರಡು ತಿಂಗಳೊಳಗೆ ಹೊರಬಂದರೆ ಮೆಡಿಗ್ಯಾಪ್ ಪಡೆಯುವ ಹಕ್ಕು ಉಳಿಯುತ್ತದೆ. ತಿಂಗಳ ಮೆಡಿಗ್ಯಾಪ್ ಖರ್ಚನ್ನು ಭರಿಸಬಲ್ಲವರು ಮೊದಲ ಆರು ತಿಂಗಳಲ್ಲಿ ಅದನ್ನೇ ಕೊಳ್ಳುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಮೆಡಿಗ್ಯಾಪ್‌ನಿಂದ ಅಡ್ವಾಂಟೇಜ್‌ಗೆ ಯಾವ ವರ್ಷ ಬೇಕಾದರೂ ಹೋಗಬಹುದು; ಹಿಂದಿರುಗುವ ದಾರಿಗೆ ಮಾತ್ರ ಬಾಗಿಲು ಕಾಯುವವರಿದ್ದಾರೆ.

ಇದಕ್ಕೆ ಹೋಲಿಸಿದರೆ ವಾರ್ಷಿಕ ಬದಲಾವಣೆ ಸರಳ. ಅಕ್ಟೋಬರ್ 15ರಿಂದ ಡಿಸೆಂಬರ್ 7ರೊಳಗೆ ಅಡ್ವಾಂಟೇಜ್ ಅಥವಾ ಪಾರ್ಟ್ ಡಿ ಬದಲಾಯಿಸಿದರೆ ಜನವರಿ 1ರಿಂದ ಜಾರಿ. ಜನವರಿಯಿಂದ ಮಾರ್ಚ್‌ವರೆಗೆ ಅಡ್ವಾಂಟೇಜ್‌ನಲ್ಲಿರುವವರಿಗೆ ಇನ್ನೊಂದು ಬದಲಾವಣೆಯ ಅವಕಾಶವುಂಟು. ಸೆಪ್ಟೆಂಬರ್ ಕೊನೆಯೊಳಗೆ ಬರುವ ವಾರ್ಷಿಕ ಬದಲಾವಣೆಯ ಸೂಚನಾ ಪತ್ರವನ್ನು ಓದದೆ ಎಸೆಯಬಾರದು. ನಾವು ತೆಗೆದುಕೊಳ್ಳುವ ಔಷಧಿ ಪಟ್ಟಿಯಿಂದ ಹೊರಬಿದ್ದಿದ್ದರೆ ಅದು ಗೊತ್ತಾಗುವುದು ಅಲ್ಲೇ. ಔಷಧಿಯ ವಿಷಯದಲ್ಲಿ ಇತ್ತೀಚಿನ ವರ್ಷಗಳು ನಿಜವಾದ ನೆಮ್ಮದಿ ತಂದಿವೆ. 2026ರಲ್ಲಿ ಪಾರ್ಟ್ ಡಿ ಔಷಧಿಗಳಿಗೆ ಕೈಯಿಂದ ಕೊಡುವ ಹಣ ವರ್ಷಕ್ಕೆ 2,100 ಡಾಲರ್ ದಾಟುವುದಿಲ್ಲ, ಯೋಜನೆಯ ಪಟ್ಟಿಯಲ್ಲಿರುವ ಇನ್ಸುಲಿನ್‌ಗೆ ತಿಂಗಳಿಗೆ 35 ಡಾಲರ್ ಮಿತಿ, ಮತ್ತು ಸರ್ಕಾರ ಚೌಕಾಸಿ ಮಾಡಿದ ಮೊದಲ ಹತ್ತು ಔಷಧಿಗಳ ದರ ಅದೇ ವರ್ಷದ ಜನವರಿಯಿಂದ ಜಾರಿಯಾಗಿದೆ. ಸಕ್ಕರೆ ಕಾಯಿಲೆಗೆ ಬಳಸುವ ಜನುವಿಯಾ, ಜಾರ್ಡಿಯನ್ಸ್, ಫಾರ್ಸಿಗಾ ಅವುಗಳಲ್ಲಿವೆ.

ಮಕ್ಕಳ ಮನೆಗಳ ನಡುವೆ, ಎರಡು ದೇಶಗಳ ನಡುವೆ

ನ್ಯೂಜೆರ್ಸಿಯ ಮಗನ ಮನೆಯಿಂದ ಟೆಕ್ಸಸ್‌ನ ಮಗಳ ಮನೆಗೆ ವಾಸ ಬದಲಿಸುವ ತಂದೆ-ತಾಯಿಗೆ ಅಡ್ವಾಂಟೇಜ್ ಯೋಜನೆ ತೊಡಕಾಗಬಹುದು, ಏಕೆಂದರೆ ಅದರ ವ್ಯಾಪ್ತಿ ಕೌಂಟಿಗಳ, ಅಂದರೆ ಜಿಲ್ಲೆಗಳಂಥ ಪ್ರದೇಶಗಳ, ಲೆಕ್ಕದಲ್ಲಿರುತ್ತದೆ. ಶಾಶ್ವತವಾಗಿ ಸ್ಥಳ ಬದಲಿಸಿದರೆ ಹೊಸ ಯೋಜನೆಗೆ ಸೇರಲು ವಿಶೇಷ ಅವಧಿ ಸಿಗುತ್ತದೆ. ಆದರೆ ಯೋಜನೆಯ ಪ್ರದೇಶದಿಂದ ಸತತ ಆರು ತಿಂಗಳಿಗಿಂತ ಹೆಚ್ಚು ಕಾಲ ಹೊರಗಿದ್ದರೆ ಸಾಮಾನ್ಯವಾಗಿ ಕಂಪನಿ ಸದಸ್ಯತ್ವ ರದ್ದು ಮಾಡುತ್ತದೆ. ಚಳಿಗಾಲ ಕಳೆಯಲು ಹಾಸನಕ್ಕೋ ಧಾರವಾಡಕ್ಕೋ ಬಂದು, ಮದುವೆ-ಮುಂಜಿ ಮುಗಿಸಿ ಬೇಸಿಗೆಯಲ್ಲಿ ಮರಳುವವರು ಈ ಲೆಕ್ಕ ಇಟ್ಟುಕೊಳ್ಳಲೇಬೇಕು.

ಭಾರತದಲ್ಲಿ ನಡೆಯುವ ಚಿಕಿತ್ಸೆಗೆ ಮೆಡಿಕೇರ್ ಹಣ ಕೊಡುವುದಿಲ್ಲ. ಪ್ಲಾನ್ ಜಿ ಸೇರಿದಂತೆ ಕೆಲವು ಮೆಡಿಗ್ಯಾಪ್ ಯೋಜನೆಗಳು ಪ್ರವಾಸದ ಮೊದಲ 60 ದಿನಗಳಲ್ಲಿ ಬರುವ ತುರ್ತು ಚಿಕಿತ್ಸೆಗೆ, 250 ಡಾಲರ್ ಕಳೆದು ಶೇ. 80ರಷ್ಟನ್ನು, ಜೀವಮಾನದಲ್ಲಿ ಒಟ್ಟು 50,000 ಡಾಲರ್‌ವರೆಗೆ ಕೊಡುತ್ತವೆ. ಅದಕ್ಕಿಂತ ದೀರ್ಘ ವಾಸಕ್ಕೆ ಭಾರತದ್ದೇ ವಿಮೆ ಬೇಕು. 2024ರ ಏಪ್ರಿಲ್‌ನಿಂದ ಭಾರತದ ವಿಮಾ ನಿಯಂತ್ರಣ ಪ್ರಾಧಿಕಾರ 65 ವರ್ಷದ ಮಿತಿಯನ್ನು ತೆಗೆದಿರುವುದರಿಂದ ಹಿರಿಯರೂ ಹೊಸ ಪಾಲಿಸಿ ಕೊಳ್ಳಲು ದಾರಿಯಾಗಿದೆ. ಮೊದಲೇ ಇದ್ದ ಕಾಯಿಲೆಗಳಿಗೆ ಮೂರು ವರ್ಷದವರೆಗೆ ಕಾಯಬೇಕಾಗಬಹುದು.

ಖಾಯಂ ಆಗಿ ಮರಳುವವರ ದೊಡ್ಡ ಪ್ರಶ್ನೆ, ಬಳಸದ ಪಾರ್ಟ್ ಬಿಗೆ ಹಣ ಕಟ್ಟುತ್ತಲೇ ಇರಬೇಕೇ ಎಂಬುದು. ದಂಡಕ್ಕೆ ಹೆದರಿ ಬಹಳಷ್ಟು ಜನ ಕಟ್ಟುತ್ತಾರೆ. ಲೆಕ್ಕ ಹಾಕಿ ನೋಡಿದರೆ ದಂಡವೇ ಅಷ್ಟು ಭಯಂಕರವಲ್ಲ. ಒಂದು ವರ್ಷ ಬಿಟ್ಟರೆ ಹನ್ನೆರಡು ತಿಂಗಳ ಪ್ರೀಮಿಯಂ ಉಳಿಯುತ್ತದೆ; ಅದಕ್ಕೆ ಪ್ರತಿಯಾಗಿ ಮುಂದೆ ಪ್ರತಿ ತಿಂಗಳು ಶೇ. 10 ಹೆಚ್ಚು ಕೊಡಬೇಕು. ಇಂದಿನ ದರದಲ್ಲಿ ಉಳಿದ ಹಣ ಕರಗಲು ಅಮೆರಿಕಕ್ಕೆ ಮರಳಿದ ಮೇಲೆ ಹತ್ತು ವರ್ಷ ಬೇಕು. ನಿಜವಾದ ಅಪಾಯ ಕಾಯುವಿಕೆಯಲ್ಲಿದೆ. ವಿದೇಶದಲ್ಲಿ ನೆಲೆಸಿದ್ದೆ ಎಂಬ ಕಾರಣವೊಂದರಿಂದಲೇ ಪಾರ್ಟ್ ಬಿಗೆ ವಿಶೇಷ ಅವಧಿ ಸಿಗುವುದಿಲ್ಲ. ಏಪ್ರಿಲ್‌ನಲ್ಲಿ ಕಾಯಿಲೆಯ ಕಾರಣಕ್ಕೆ ಮಕ್ಕಳ ಬಳಿಗೆ ತುರ್ತಾಗಿ ಹೋದವರು ಜನವರಿಯ ನೋಂದಣಿಗೆ ಕಾದು, ಫೆಬ್ರುವರಿ 1ರವರೆಗೆ ವೈದ್ಯರ ಬಿಲ್ಲುಗಳನ್ನು ತಾವೇ ಭರಿಸಬೇಕಾಗುತ್ತದೆ. ಆದ್ದರಿಂದ ಇನ್ನು ಅಮೆರಿಕಕ್ಕೆ ಹೋಗುವುದಿಲ್ಲ ಎಂದು ದೃಢವಾಗಿ ತೀರ್ಮಾನಿಸಿದವರು ಪಾರ್ಟ್ ಬಿ ಬಿಡುವುದು ತಪ್ಪಲ್ಲ. ಗಂಭೀರ ಕಾಯಿಲೆ ಬಂದರೆ ಮಕ್ಕಳ ಬಳಿ ಹೋಗುತ್ತೇವೆ ಎನ್ನುವವರು ಅದನ್ನು ಉಳಿಸಿಕೊಳ್ಳಬೇಕು. ಉಚಿತ ಪಾರ್ಟ್ ಎಯನ್ನು ಇಬ್ಬರೂ ಬಿಡಬೇಕಾಗಿಲ್ಲ.

ಕಾಗದಪತ್ರಗಳು ಮತ್ತು ತಪ್ಪು ಸಲಹೆ

ಕೆಲಸ ಬಿಟ್ಟು ವಿಶೇಷ ಅವಧಿಯಲ್ಲಿ ಪಾರ್ಟ್ ಬಿ ಪಡೆಯುವವರು ಸಿಎಂಎಸ್-40ಬಿ ಅರ್ಜಿಯ ಜೊತೆ, ಉದ್ಯೋಗದಾತರು ವಿಮೆಯ ಅವಧಿಯನ್ನು ದೃಢೀಕರಿಸುವ ಸಿಎಂಎಸ್-ಎಲ್564 ನಮೂನೆಯನ್ನು ಕೊಡಬೇಕು. 65ರ ನಂತರ ಎರಡು-ಮೂರು ಕಂಪನಿ ಬದಲಿಸಿದವರಿಗೆ ಪ್ರತಿಯೊಂದರಿಂದಲೂ ಇದು ಬೇಕಾಗಬಹುದು. ಕಂಪನಿ ಬಿಡುವಾಗಲೇ ಸಹಿ ಹಾಕಿಸಿಕೊಳ್ಳುವುದು ಜಾಣತನ. ಕೆಲಸ ಅಥವಾ ವಿಮೆ ಬದಲಾದಾಗ ಮೆಡಿಕೇರ್‌ನ ಸೌಲಭ್ಯ ಹೊಂದಾಣಿಕೆ ಕೇಂದ್ರಕ್ಕೆ ತಿಳಿಸದೆ ಹೋದರೆ, ಹಳೆಯ ವಿಮೆಯೇ ಮೊದಲ ಪಾವತಿದಾರನೆಂದು ದಾಖಲೆಯಲ್ಲಿ ಉಳಿದು ಬಿಲ್ಲುಗಳು ತಿರಸ್ಕೃತವಾಗುತ್ತವೆ. ಹೊಸದಾಗಿ ನಿವೃತ್ತರಾದವರ ಬಿಲ್ಲು ನಿರಾಕರಣೆಗೆ ಇದು ಸಾಮಾನ್ಯ ಕಾರಣಗಳಲ್ಲೊಂದು, ಫೋನ್ ಕರೆಯಲ್ಲಿ ಸರಿಹೋಗುವಂಥದ್ದು.

ಪ್ರತಿ ರಾಜ್ಯದಲ್ಲೂ ಶಿಪ್ ಎಂಬ ಉಚಿತ ಸಲಹಾ ವ್ಯವಸ್ಥೆ ಇದೆ. ಕ್ಯಾಲಿಫೋರ್ನಿಯಾದಲ್ಲಿ ಅದರ ಹೆಸರು ಹೈಕ್ಯಾಪ್. ಅಲ್ಲಿಯ ಸಲಹೆಗಾರರು ಯಾವ ವಿಮೆಯನ್ನೂ ಮಾರುವುದಿಲ್ಲ, ಕಮಿಷನ್ ಪಡೆಯುವುದಿಲ್ಲ. ಸೋಷಿಯಲ್ ಸೆಕ್ಯುರಿಟಿ ಕಚೇರಿ ಇಂಗ್ಲಿಷ್ ಬಾರದವರಿಗೆ ಉಚಿತವಾಗಿ ದುಭಾಷಿಯನ್ನು ಒದಗಿಸುತ್ತದೆ. ತಂದೆ-ತಾಯಿಯ ಪರವಾಗಿ ಮಕ್ಕಳೇ ಎಲ್ಲವನ್ನೂ ಮಾತಾಡಬೇಕೆಂದಿಲ್ಲ.

2023ರಿಂದ ಇನ್ನೊಂದು ಪರಿಹಾರ ಬಂದಿದೆ. ಉದ್ಯೋಗದಾತರು ಅಥವಾ ಗ್ರೂಪ್ ವಿಮೆಯವರು ಕೊಟ್ಟ ತಪ್ಪು ಮಾಹಿತಿಯಿಂದಾಗಿ ನೋಂದಣಿ ತಪ್ಪಿದ್ದರೆ, ಅದನ್ನು ತೋರಿಸಬಲ್ಲವರಿಗೆ ದಂಡವಿಲ್ಲದ ವಿಶೇಷ ನೋಂದಣಿ ಅವಧಿ ಸಿಗುತ್ತದೆ. ಸರ್ಕಾರಿ ನೌಕರರೇ ತಪ್ಪು ಹೇಳಿದ್ದರೆ ಪರಿಹಾರ ಕೋರುವ ಹಕ್ಕು ಅದಕ್ಕೂ ಮುಂಚಿನಿಂದ ಇದೆ. ಎರಡೂ ಕಡೆ ಆಧಾರ ಬೇಕು. ‘ಕೋಬ್ರಾ ಇದ್ದರೆ ಮೆಡಿಕೇರ್ ಬೇಕಿಲ್ಲ’ ಎಂದು ಫೋನಿನಲ್ಲಿ ಹೇಳಿದ ಮಾತನ್ನು ಸಾಬೀತುಪಡಿಸುವುದು ಕಷ್ಟ. ಅದೇ ಮಾತು ಇ-ಮೇಲ್‌ನಲ್ಲಿದ್ದರೆ ದಂಡ ತಪ್ಪಬಹುದು. ಹಾಗಾಗಿ ಕಂಪನಿಯೊಂದಿಗಿನ ಪ್ರಶ್ನೋತ್ತರವೆಲ್ಲ ಬರಹದಲ್ಲಿರಲಿ. ಸರ್ಕಾರಿ ಕಚೇರಿಗೆ ಕರೆ ಮಾಡಿದಾಗ ದಿನಾಂಕ, ಸಮಯ, ಮಾತನಾಡಿದವರ ಹೆಸರು ಮತ್ತು ಅವರು ಹೇಳಿದ್ದನ್ನು ಆಗಲೇ ಬರೆದಿಟ್ಟುಕೊಳ್ಳಿ.